ಪಿಷ್ಟದ ಹಿಂದೆ, ನೀರಿನ ಹಿಂದೆ: ತಮ್ಮನ ಜೊತೆ ಜೀವಶಾಸ್ತ್ರದ ಪುನರಾವರ್ತನೆ

ಜೀವಶಾಸ್ತ್ರದ ಪಾಠಗಳನ್ನು ಪುಸ್ತಕದ ಕ್ರಮದಲ್ಲೇ ಮತ್ತೆ ಮೊದಲಿನಿಂದ ಓದುವುದು ಬೇಡ ಎಂದು ತಮ್ಮನೂ ನಾನೂ ಮೊದಲೇ ಮಾತಾಡಿಕೊಂಡೆವು. ಪಾಠ ಅವನಿಗೆ ಹೊಸದಲ್ಲ. ವರ್ಷವಿಡೀ ತರಗತಿಯಲ್ಲಿ ಕೇಳಿದ್ದ. ಆದರೆ ಮನುಷ್ಯನ ದೇಹ ಒಂದು ಕಡೆ, ಗಿಡಮರ ಇನ್ನೊಂದು ಕಡೆ, ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವ ಹಾಗೆ ಅವನ ತಲೆಯಲ್ಲಿ ಬೇರೆ ಬೇರೆಯಾಗಿ ಕೂತಿದ್ದವು. ನಾನು ಇದನ್ನೆಲ್ಲ ಓದಿ ಎಷ್ಟೋ ವರ್ಷ ಆಗಿತ್ತು. ಅವನಿಗೆ ಹೇಳಿಕೊಡುವ ಮೊದಲು ನಾನೂ ಓದಬೇಕಿತ್ತು. ಹಾಗಾಗಿ ಇದು ಇಬ್ಬರ ಪುನರಾವರ್ತನೆಯೂ ಆಯಿತು.

ಮೊದಲ ದಿನ ಪುಸ್ತಕ ತೆರೆಯಲೇ ಇಲ್ಲ. ಒಂದು ಖಾಲಿ ಹಾಳೆ ಕೊಟ್ಟು, "ಜೀರ್ಣಕ್ರಿಯೆ ಬಗ್ಗೆ ನೆನಪಿಗೆ ಬಂದಿದ್ದನ್ನೆಲ್ಲ ಬರಿ" ಅಂದೆ. ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಅಂಗಗಳ ಹೆಸರು ಸರಸರ ಬಂದವು. ಯಾವ ರಸ ಎಲ್ಲಿ ಸೇರುತ್ತದೆ, ಅದು ಯಾವುದನ್ನು ಒಡೆಯುತ್ತದೆ ಎನ್ನುವಲ್ಲಿ ಪೆನ್ನು ನಿಂತಿತು. ನಿಂತ ಜಾಗಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆವು. ರಕ್ತ ಪರಿಚಲನೆ, ಹೂವು, ನರಮಂಡಲ ಎಲ್ಲಕ್ಕೂ ಹೀಗೇ ಮಾಡಿದೆವು. ಆ ಕೆಂಪು ಸುತ್ತುಗಳೇ ನಮ್ಮ ಟೈಮ್‌ಟೇಬಲ್.

ಪುಸ್ತಕ ಮತ್ತೆ ಮತ್ತೆ ಓದಿದಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ. ಪರಿಚಿತ ಅನ್ನಿಸುವುದಕ್ಕೂ ಸ್ವಂತವಾಗಿ ಬರೆಯಲು ಬರುವುದಕ್ಕೂ ತುಂಬಾ ದೂರ. ಪುಸ್ತಕ ಮುಚ್ಚಿಟ್ಟು ಬರೆದರೆ ಆ ದೂರ ಎಷ್ಟಿದೆ ಅಂತ ಕೂಡಲೇ ಕಾಣಿಸುತ್ತದೆ. ಪರೀಕ್ಷೆಗೆ ಓದುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ.

ಆಮೇಲೆ ಪಾಠದ ಬದಲು ಒಂದು ವಸ್ತುವನ್ನು ಹಿಡಿದುಕೊಂಡೆವು. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ದಾರಿಯಲ್ಲಿ ಏನಾಗುತ್ತದೆ? ಮೊದಲು ಹಿಡಿದದ್ದು ಪಿಷ್ಟ, ಅಂದರೆ ಸ್ಟಾರ್ಚ್. ಯಾಕೆಂದರೆ ಅದು ಎಲೆಯಲ್ಲಿ ಹುಟ್ಟಿ ನಮ್ಮ ಜೀವಕೋಶದಲ್ಲಿ ಮುಗಿಯುತ್ತದೆ. ಗಿಡ ಮತ್ತು ಮನುಷ್ಯ ಎರಡೂ ಪಾಠಗಳನ್ನು ಅದೊಂದೇ ಹಾದುಹೋಗುತ್ತದೆ.

ಬಾಯಿಂದಲೇ ಶುರು ಮಾಡಿದೆವು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ (ಎನ್‌ಜೈಮ್) ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯಲು ತೊಡಗುತ್ತದೆ. ಜಠರಕ್ಕೆ ಇಳಿದ ಮೇಲೆ ಅಲ್ಲಿನ ಹೈಡ್ರೋಕ್ಲೋರಿಕ್ ಆಮ್ಲದಿಂದ ಈ ಕೆಲಸ ನಿಲ್ಲುತ್ತದೆ. ಆದರೆ ಅದೇ ಆಮ್ಲ ಪೆಪ್ಸಿನ್‌ಗೆ ಬೇಕು. ಪೆಪ್ಸಿನ್ ಒಡೆಯುವುದು ಪ್ರೋಟೀನನ್ನು. "ಹಾಗಾದ್ರೆ ಜಠರದಲ್ಲಿ ಪಿಷ್ಟಕ್ಕೆ ಏನೂ ಆಗಲ್ವಾ?" ಎಂದ ತಮ್ಮ. ಹೌದು, ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಸಣ್ಣ ಕರುಳು ತಲುಪಿದ ಮೇಲೆ ಮೇದೋಜ್ಜೀರಕ ಗ್ರಂಥಿಯ ರಸದಲ್ಲಿ ಮತ್ತೆ ಅಮೈಲೇಸ್ ಸಿಗುತ್ತದೆ. ಅದೇ ರಸದಲ್ಲಿ ಪ್ರೋಟೀನಿಗೆ ಟ್ರಿಪ್ಸಿನ್, ಕೊಬ್ಬಿಗೆ ಲೈಪೇಸ್ ಇವೆ. ಕರುಳಿನ ಗೋಡೆಯ ಕಿಣ್ವಗಳು ಉಳಿದ ಕೆಲಸ ಮುಗಿಸುತ್ತವೆ. ಕೊನೆಗೆ ಸಿಗುವುದು ಗ್ಲೂಕೋಸ್.

ಪಿತ್ತರಸದ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ಅದು ತಯಾರಾಗುವುದು ಪಿತ್ತಜನಕಾಂಗದಲ್ಲಿ, ಶೇಖರವಾಗುವುದು ಪಿತ್ತಕೋಶದಲ್ಲಿ. ಅದರಲ್ಲಿ ಕಿಣ್ವವೇ ಇಲ್ಲ. ಕೊಬ್ಬಿನ ದೊಡ್ಡ ಹನಿಗಳನ್ನು ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಆಗ ಲೈಪೇಸ್‌ಗೆ ಕೆಲಸ ಮಾಡಲು ಜಾಸ್ತಿ ಮೇಲ್ಮೈ ಸಿಗುತ್ತದೆ. ಜಠರದಿಂದ ಬಂದ ಆಮ್ಲವನ್ನು ತಟಸ್ಥಗೊಳಿಸುವುದಕ್ಕೂ ಅದು ನೆರವಾಗುತ್ತದೆ. "ಕಿಣ್ವ ಇಲ್ಲದಿದ್ದರೂ ಪಿತ್ತರಸ ಜೀರ್ಣಕ್ರಿಯೆಗೆ ಮುಖ್ಯ, ಯಾಕೆ?" ಎಂಬುದು ಪರೀಕ್ಷೆಗಳಲ್ಲಿ ಕೇಳುವಂಥ ಪ್ರಶ್ನೆ. ಉತ್ತರ ಎರಡೇ ಸಾಲು, ಆದರೆ ಆ ಎರಡು ಸಾಲಿನ ಹಿಂದಿನ ಕಾರಣ ಗೊತ್ತಿರಬೇಕು.

'ಮೇಲ್ಮೈ' ಅನ್ನುವುದು ಆಮೇಲೆ ನಮ್ಮ ಜೊತೆ ಎಲ್ಲ ಕಡೆಯೂ ಬಂತು. ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂತೆ ಚಾಚಿಕೊಂಡ ವಿಲ್ಲೈಗಳಿರುವುದು ಯಾಕೆ? ಹೀರಿಕೊಳ್ಳುವ ಮೇಲ್ಮೈ ಜಾಸ್ತಿ ಆಗಲಿ ಅಂತ. ಶ್ವಾಸಕೋಶದ ತುಂಬ ಆಲ್ವಿಯೋಲೈ ಎಂಬ ಪುಟ್ಟ ಗಾಳಿಚೀಲಗಳು ಯಾಕೆ? ಅವನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 80 ಚದರ ಮೀಟರ್ ಆಗುತ್ತದೆ. ಅಷ್ಟು ಜಾಗದಲ್ಲಿ ಆಕ್ಸಿಜನ್ ರಕ್ತಕ್ಕೆ ಸೇರಬಹುದು. ಬೇರಿನ ತುದಿಯ ಹತ್ತಿರ ಬೇರುರೋಮ ಯಾಕೆ? ಎಲೆ ಯಾಕೆ ತೆಳ್ಳಗೆ, ಚಪ್ಪಟೆ? ಎಲ್ಲದಕ್ಕೂ ಉತ್ತರ ಒಂದೇ. ಬೇರೆ ಬೇರೆ ಪಾಠಗಳಲ್ಲಿ ಚದುರಿದ್ದ ಇವನ್ನು ತಮ್ಮ ತಾನೇ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ. ನನಗೆ ತುಂಬಾ ಖುಷಿಯಾಯಿತು. ನೆನಪಿಡಬೇಕಾದ ನಾಲ್ಕು ವಿಷಯ ಒಂದಾಯಿತು ಅಲ್ವಾ.

ಗ್ಲೂಕೋಸ್ ವಿಲ್ಲೈಗಳ ಮೂಲಕ ರಕ್ತಕ್ಕೆ ಇಳಿಯಿತು. ಅಲ್ಲಿಂದ ಮೊದಲು ಪಿತ್ತಜನಕಾಂಗಕ್ಕೆ. ಹೆಚ್ಚಾದದ್ದು ಗ್ಲೈಕೋಜನ್ ಆಗಿ ಅಲ್ಲಿ ಉಳಿಯುತ್ತದೆ. ಉಳಿದದ್ದು ರಕ್ತದಲ್ಲೇ ಸಾಗಿ ಜೀವಕೋಶಗಳಿಗೆ ಹೋಗುತ್ತದೆ. ಜೀವಕೋಶದ ಒಳಗೆ, ಮೊದಲು ಕೋಶದ್ರವದಲ್ಲಿ ಗ್ಲೂಕೋಸ್ ಪೈರುವೇಟ್ ಆಗುತ್ತದೆ. ಅಷ್ಟಕ್ಕೆ ಆಕ್ಸಿಜನ್ ಬೇಡ. ಆಕ್ಸಿಜನ್ ಇದ್ದರೆ ಮೈಟೋಕಾಂಡ್ರಿಯದಲ್ಲಿ ಪೈರುವೇಟ್ ಪೂರ್ತಿ ಒಡೆದು ಕಾರ್ಬನ್ ಡೈಆಕ್ಸೈಡ್, ನೀರು ಮತ್ತು ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ತುಂಬಾ ಸಿಗುತ್ತದೆ. ಜೋರಾಗಿ ಓಡಿದಾಗ ಸ್ನಾಯುವಿಗೆ ಆಕ್ಸಿಜನ್ ಸಾಲದೆ ಬಂದರೆ ಲ್ಯಾಕ್ಟಿಕ್ ಆಮ್ಲ. ಯೀಸ್ಟ್‌ನಲ್ಲಾದರೆ ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್. ಪೈರುವೇಟ್ ಎಂದು ಮಧ್ಯದಲ್ಲಿ ಬರೆದು ಮೂರು ಬಾಣ ಎಳೆದರೆ ಈ ಪಾಠದ ಮುಖ್ಯ ಭಾಗ ಮುಗಿಯಿತು.

ಈಗ ಹಿಂದಕ್ಕೆ ಹೊರಟೆವು. ಆ ಪಿಷ್ಟ ಮೊದಲು ಎಲ್ಲಿಂದ ಬಂತು? ಎಲೆಯಿಂದ. ಆರು ಅಣು ಕಾರ್ಬನ್ ಡೈಆಕ್ಸೈಡ್, ಆರು ಅಣು ನೀರು, ಬೆಳಕು, ಕ್ಲೋರೋಫಿಲ್. ಸಿಗುವುದು ಒಂದು ಅಣು ಗ್ಲೂಕೋಸ್, ಆರು ಅಣು ಆಕ್ಸಿಜನ್. ಉಸಿರಾಟದ ಸಮೀಕರಣದ ಕೆಳಗೇ ಇದನ್ನು ಬರೆಸಿದೆ. "ಅಕ್ಕಾ, ಇದು ಅದನ್ನೇ ತಿರುಗಿಸಿ ಬರೆದ ಹಾಗಿದೆ!" ಅಂದ. ಕಾಗದದ ಮೇಲೆ ಹೌದು. ಒಳಗಿನ ಹಂತಗಳು ಬೇರೆ ಬೇರೆ, ನಡೆಯುವ ಜಾಗವೂ ಬೇರೆ. ಒಂದು ಬಹುಪಾಲು ಮೈಟೋಕಾಂಡ್ರಿಯದಲ್ಲಿ, ಇನ್ನೊಂದು ಎಲೆಯ ಜೀವಕೋಶದ ಹಸಿರು ಭಾಗವಾದ ಕ್ಲೋರೋಪ್ಲಾಸ್ಟ್‌ನಲ್ಲಿ. ಎಲೆ ಹೊರಗೆ ಬಿಡುವ ಆಕ್ಸಿಜನ್ ಬರುವುದು ನೀರಿನಿಂದ, ಕಾರ್ಬನ್ ಡೈಆಕ್ಸೈಡಿನಿಂದ ಅಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಂಡ.

ಇಲ್ಲಿ ನಾನು ಅವನಿಗೆ ವಾನ್ ಹೆಲ್ಮಾಂಟ್ ಮಾಡಿದ ಪ್ರಯೋಗದ ಕಥೆ ಹೇಳಿದೆ. 17ನೇ ಶತಮಾನದಲ್ಲಿ ಅವರು ಒಣ ಮಣ್ಣು ತೂಗಿ ಕುಂಡಕ್ಕೆ ತುಂಬಿ, ಅದರಲ್ಲಿ ವಿಲೋ ಗಿಡ ನೆಟ್ಟು, 5 ವರ್ಷ ನೀರು ಮಾತ್ರ ಹಾಕಿದರು. ಗಿಡದ ತೂಕ 164 ಪೌಂಡ್ ಹೆಚ್ಚಿತು. ಮಣ್ಣು ಕಳೆದುಕೊಂಡದ್ದು ಕೆಲವೇ ಔನ್ಸ್. ಮರ ಬಂದದ್ದೆಲ್ಲ ನೀರಿನಿಂದಲೇ ಎಂದು ಅವರು ತೀರ್ಮಾನಿಸಿದರು. ಗಾಳಿಯ ಪಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. ಹಸಿರು ಭಾಗಕ್ಕೆ ಬೆಳಕು ಬಿದ್ದಾಗ ಮಾತ್ರ ಆಕ್ಸಿಜನ್ ಬರುತ್ತದೆ ಎಂದು ಇಂಗೆನ್‌ಹೌಸ್ ತೋರಿಸಿದ್ದು 1779ರಲ್ಲಿ. ಇದೆಲ್ಲ ಪರೀಕ್ಷೆಗೆ ಬರುವುದಿಲ್ಲ. ಆದರೂ ಹೇಳಿದೆ. ಮರದ ಆ ಭಾರವಾದ ಮೈಯಲ್ಲಿ ನೀರು ಬಿಟ್ಟು ಉಳಿದದ್ದರ ಬಹುಪಾಲು ಕಣ್ಣಿಗೆ ಕಾಣದ ಗಾಳಿಯಿಂದ ಬಂದದ್ದು ಎಂದು ತಿಳಿದ ಮೇಲೆ ಆ ಸಮೀಕರಣ ಸುಮ್ನೆ ಬಾಯಿಪಾಠದ ಸಾಲಾಗಿ ಉಳಿಯುವುದಿಲ್ಲ.

ಗಿಡ ಹಗಲು ದ್ಯುತಿಸಂಶ್ಲೇಷಣೆ, ಅಂದರೆ ಬೆಳಕಿನಲ್ಲಿ ಆಹಾರ ತಯಾರಿಕೆ, ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿ ಕೂತಿತ್ತು. ತುಂಬಾ ಮಕ್ಕಳಲ್ಲಿ ಇರುತ್ತದೆ. ಗಿಡ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಹಗಲು ಬೆಳಕು ಚೆನ್ನಾಗಿದ್ದಾಗ ದ್ಯುತಿಸಂಶ್ಲೇಷಣೆಯೇ ಜೋರು, ಹಾಗಾಗಿ ಲೆಕ್ಕದಲ್ಲಿ ಆಕ್ಸಿಜನ್ ಹೊರಬರುತ್ತದೆ. ಅಷ್ಟೇ ವ್ಯತ್ಯಾಸ. "ಅದಕ್ಕೂ ಜೀವ ಇದೆ ಕಣೋ, ಶಕ್ತಿ ಬೇಡ್ವಾ?" ಅಂದಾಗ ಅವನು ತಲೆ ಆಡಿಸಿದ.

ಪ್ರಯೋಗಗಳನ್ನು ಓದುವಾಗ ಪ್ರತಿ ಹಂತಕ್ಕೂ "ಇದನ್ನು ಬಿಟ್ಟರೆ ಏನಾಗುತ್ತದೆ?" ಎಂದು ಕೇಳಿಕೊಂಡೆವು. ಎಲೆಯಲ್ಲಿ ಪಿಷ್ಟ ಪರೀಕ್ಷಿಸುವ ಮೊದಲು ಗಿಡವನ್ನು ಎರಡು ಮೂರು ದಿನ ಕತ್ತಲಲ್ಲಿ ಇಡುವುದು ಯಾಕೆ? ಹಳೆಯ ಪಿಷ್ಟ ಖಾಲಿಯಾಗಬೇಕು, ಇಲ್ಲದಿದ್ದರೆ ಹೊಸದು ಯಾವುದು ಎಂದು ತಿಳಿಯುವುದಿಲ್ಲ. ಎಲೆಯನ್ನು ಆಲ್ಕೋಹಾಲಿನಲ್ಲಿ ಕುದಿಸುವುದು ಯಾಕೆ? ಹಸಿರು ಬಣ್ಣ ಹೋದರೆ ಮಾತ್ರ ಅಯೋಡಿನ್‌ನ ನೀಲಿಕಪ್ಪು ಕಾಣುತ್ತದೆ. ಆಲ್ಕೋಹಾಲನ್ನು ನೇರ ಉರಿಯ ಮೇಲೆ ಇಡದೆ ಬಿಸಿನೀರಿನ ಪಾತ್ರೆಯಲ್ಲಿ ಇಡುವುದು ಯಾಕೆ? ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಡುವುದು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳಲು. ಸುಣ್ಣದ ತಿಳಿನೀರು ಬೆಳ್ಳಗಾದರೆ ಕಾರ್ಬನ್ ಡೈಆಕ್ಸೈಡ್ ಇದೆ ಎಂದು ಅರ್ಥ. ಕಾರಣ ಗೊತ್ತಾದ ಮೇಲೆ ಹಂತಗಳ ಕ್ರಮ ತಾನಾಗಿಯೇ ನೆನಪಿಗೆ ಬರುತ್ತದೆ.

ನಮ್ಮ ಓದಿನಲ್ಲಿ ಹೆಚ್ಚು ಸಮಯ ತೆಗೆದುಕೊಂಡದ್ದು ಹೃದಯ. ನನ್ನ ಪ್ರಕಾರ ಅಷ್ಟು ಸಮಯ ಕೊಡಲೇಬೇಕು. ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಗಡೆ ಕಾಣುತ್ತದೆ. ಚಿತ್ರದೊಳಗಿನ ಮನುಷ್ಯ ನಮ್ಮ ಎದುರು ನಿಂತಿದ್ದಾನೆ ಎಂದುಕೊಂಡರೆ ಅದು ಸರಿಹೋಗುತ್ತದೆ. ಚಿತ್ರ ಬರೆಯುವ ಮೊದಲು ಹಾಳೆಯ ಮೇಲೆ 'ಬಲ', 'ಎಡ' ಎಂದು ಬರೆದುಕೊಳ್ಳುವ ಅಭ್ಯಾಸ ಮಾಡಿಸಿದೆ.

ಆಮೇಲೆ ತಮ್ಮನನ್ನು ಒಂದು ಕೆಂಪು ರಕ್ತಕಣ ಮಾಡಿದೆ. "ನೀನು ಈಗ ಕಾಲ್ಬೆರಳಿನ ಲೋಮನಾಳದಲ್ಲಿ, ಅಂದ್ರೆ ತೀರಾ ಸಣ್ಣ ರಕ್ತನಾಳದಲ್ಲಿದ್ದೀಯ. ಆಕ್ಸಿಜನ್ ಕೊಟ್ಟಾಯಿತು. ಹೊರಡು, ಎಲ್ಲೆಲ್ಲಿ ಹೋಗ್ತೀಯ ಹೇಳು." ಅವನು ಜೋರಾಗಿ ಹೇಳುತ್ತ ಹೋದ. ಅಭಿಧಮನಿ, ಮಹಾಭಿಧಮನಿ, ಬಲ ಹೃತ್ಕರ್ಣ (ಹೃದಯದ ಮೇಲಿನ ಕೋಣೆ), ಕವಾಟ ದಾಟಿ ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ), ಶ್ವಾಸಕೋಶಕ್ಕೆ ಹೋಗುವ ಪುಪ್ಪುಸಕ ಅಪಧಮನಿ, ಶ್ವಾಸಕೋಶ. ಅಲ್ಲಿ ಆಕ್ಸಿಜನ್ ತುಂಬಿಕೊಂಡು ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮತ್ತೆ ಕಾಲ್ಬೆರಳು. ಒಂದು ಸುತ್ತಿನಲ್ಲಿ ಹೃದಯವನ್ನು ಎರಡು ಸಲ ಹಾದುಹೋದ. ಇಮ್ಮಡಿ ಪರಿಚಲನೆ ಎಂದರೆ ಇದೇ. ಮರುದಿನ ಮಿದುಳಿನಿಂದ ಹೊರಡಿಸಿದೆ. ಇನ್ನೊಂದು ದಿನ ಸಣ್ಣ ಕರುಳಿನಿಂದ. ಆಗ ದಾರಿ ಬೇರೆ, ಮೊದಲು ಪಿತ್ತಜನಕಾಂಗಕ್ಕೆ ಹೋಗಿ ಆಮೇಲೆ ಹೃದಯಕ್ಕೆ ಬರಬೇಕು.

ಈ ನಡಿಗೆಯಲ್ಲೇ ಕಾರಣಗಳೆಲ್ಲ ಸಿಕ್ಕವು. ಅಪಧಮನಿ ಎಂದರೆ ಹೃದಯದಿಂದ ದೂರ ಒಯ್ಯುವುದು, ಅಭಿಧಮನಿ ಎಂದರೆ ಹೃದಯಕ್ಕೆ ತರುವುದು. ಒಳಗಿರುವ ರಕ್ತ ಯಾವುದು ಎಂಬುದರ ಮೇಲೆ ಹೆಸರಿಟ್ಟಿಲ್ಲ. ಹಾಗಾಗಿ ಪುಪ್ಪುಸಕ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತ ಹರಿದರೂ ಅದು ಅಪಧಮನಿಯೇ. ಬಲ ಹೃತ್ಕುಕ್ಷಿ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಎಡ ಹೃತ್ಕುಕ್ಷಿ ಇಡೀ ಮೈಗೆ ತಳ್ಳಬೇಕು. ಅದಕ್ಕೇ ಅದರ ಗೋಡೆ ಜಾಸ್ತಿ ದಪ್ಪ. ಅಭಿಧಮನಿಯಲ್ಲಿ ಒತ್ತಡ ಕಡಿಮೆ, ರಕ್ತ ಹಿಂದಕ್ಕೆ ಹರಿಯಬಾರದು, ಅದಕ್ಕೆ ಒಳಗೆ ಕವಾಟಗಳು.

ವಿಲಿಯಂ ಹಾರ್ವೆ 1628ರಲ್ಲಿ ತಮ್ಮ ಪುಸ್ತಕ ಪ್ರಕಟಿಸುವ ತನಕ ಯುರೋಪಿನ ವೈದ್ಯರಲ್ಲಿ ಬಹುಪಾಲು ಜನ ರಕ್ತ ಸುತ್ತು ಹೊಡೆಯುತ್ತದೆ ಎಂದು ಒಪ್ಪಿರಲಿಲ್ಲ. ಆಹಾರದಿಂದ ಹೊಸ ರಕ್ತ ತಯಾರಾಗುತ್ತಲೇ ಇರುತ್ತದೆ, ಅದು ಖರ್ಚಾಗಿ ಹೋಗುತ್ತದೆ ಎಂದು ನಂಬಿದ್ದರು. ಹಾರ್ವೆ ಸರಳ ಲೆಕ್ಕ ಹಾಕಿದರು. ಹೃದಯ ಒಂದು ಸಲ ಬಡಿದಾಗ ಇಷ್ಟು ರಕ್ತ ಹೊರಬಂದರೆ, ಅರ್ಧ ಗಂಟೆಯಲ್ಲಿ ಎಷ್ಟು? ಅಷ್ಟನ್ನು ಯಾವ ಆಹಾರವೂ ತಯಾರಿಸಲಾರದು. ಹಾಗಾದರೆ ಅದೇ ರಕ್ತ ತಿರುಗಿ ಬರುತ್ತಿರಬೇಕು. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಜಾಗ ಮಾತ್ರ ಅವರಿಗೆ ಕಾಣಲಿಲ್ಲ. 1661ರಲ್ಲಿ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡುವಾಗ ಲೋಮನಾಳಗಳು ಕಂಡವು. ಅಷ್ಟರಲ್ಲಿ ಹಾರ್ವೆ ತೀರಿಕೊಂಡಿದ್ದರು. ತಮ್ಮ ಇದನ್ನು ಕೇಳಿ, "ಪಾಪ, ನಾಲ್ಕು ವರ್ಷ ಜಾಸ್ತಿ ಬದುಕಬೇಕಿತ್ತು" ಅಂದ.

ಹೃದಯ ಮುಗಿದ ಮೇಲೆ ಅವನೇ ಕೇಳಿದ. "ಗಿಡಕ್ಕೆ ಹೃದಯ ಇಲ್ಲ. ನೀರು ಮೇಲೆ ಹೇಗೆ ಹೋಗುತ್ತೆ?" ಈ ಪ್ರಶ್ನೆ ಅವನಿಂದಲೇ ಬರಲಿ ಎಂದು ಕಾದಿದ್ದೆ. 100 ಮೀಟರಿಗಿಂತ ಎತ್ತರದ ರೆಡ್‌ವುಡ್ ಮರದ ತುದಿಗೂ ನೀರು ತಲುಪುತ್ತದೆ, ಪಂಪು ಯಾವುದೂ ಇಲ್ಲದೆ. ಎಲೆಯ ಪತ್ರರಂಧ್ರಗಳೆಂಬ ಪುಟ್ಟ ತೂತುಗಳಿಂದ ನೀರು ಆವಿಯಾಗಿ ಹೊರಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಮೇಲಿನದು ಹೋದಾಗ ಕೆಳಗಿನದನ್ನು ಎಳೆಯುತ್ತದೆ. ಆ ಎಳೆತ ಎಲೆಯಿಂದ ಬೇರಿನವರೆಗೆ ಕ್ಸೈಲಂ ಎಂಬ ನೀರಿನ ಕೊಳವೆಯಲ್ಲಿ ಒಂದೇ ದಾರವಾಗಿ ಇಳಿಯುತ್ತದೆ. ಬೇರಿನ ಒತ್ತಡವೂ ಸ್ವಲ್ಪ ಸಹಾಯ ಮಾಡುತ್ತದೆ, ರಾತ್ರಿ ಹೊತ್ತು ಅದರ ಪಾತ್ರ ಜಾಸ್ತಿ. ಹಗಲು ಮುಖ್ಯ ಕೆಲಸ ಬಾಷ್ಪವಿಸರ್ಜನೆಯ ಎಳೆತದ್ದೇ.

ಕ್ಸೈಲಂ ಕೊಳವೆಯ ಜೀವಕೋಶಗಳು ಸತ್ತವು, ಒಳಗೆ ಟೊಳ್ಳು. ಆಹಾರ ಸಾಗಿಸುವ ಫ್ಲೋಯಂನ ಜೀವಕೋಶಗಳು ಬದುಕಿವೆ. ಯಾಕೆ ಹೀಗೆ? ನೀರಿನ ಎಳೆತಕ್ಕೆ ಜೀವಕೋಶ ಶಕ್ತಿ ಖರ್ಚು ಮಾಡಬೇಕಿಲ್ಲ. ಆದರೆ ಎಲೆಯಲ್ಲಿ ತಯಾರಾದ ಆಹಾರವನ್ನು ಸುಕ್ರೋಸ್ ರೂಪದಲ್ಲಿ ಫ್ಲೋಯಂಗೆ ತುಂಬಿಸಲು ಎಟಿಪಿ ಬೇಕು. ಕ್ಸೈಲಂ ನೀರನ್ನೂ ಲವಣಗಳನ್ನೂ ಮೇಲಕ್ಕೆ ಒಯ್ಯುತ್ತದೆ. ಫ್ಲೋಯಂ ಬೇಕಾದ ಕಡೆಗೆ, ಮೇಲಕ್ಕೂ ಕೆಳಕ್ಕೂ. ಬೇರಿಗೂ ಆಹಾರ ಬೇಕು, ಮೊಗ್ಗಿಗೂ ಬೇಕು. ಈ ನಾಲ್ಕು ಸಾಲನ್ನು ಅವನು ಎರಡು ಕಾಲಂ ಮಾಡಿ ಬರೆದುಕೊಂಡ.

ಪತ್ರರಂಧ್ರ ತೆರೆದರೆ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ, ಆದರೆ ನೀರು ಹೋಗುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಆಹಾರ ತಯಾರಿಕೆ ನಿಲ್ಲುತ್ತದೆ. ಗಿಡ ದಿನವೂ ಮಾಡುವ ಈ ಲೆಕ್ಕಾಚಾರ ನನಗೆ ಇಡೀ ಸಸ್ಯಶಾಸ್ತ್ರದಲ್ಲೇ ತುಂಬಾ ಇಷ್ಟ. ರಂಧ್ರದ ಎರಡೂ ಬದಿಯ ಕಾವಲು ಜೀವಕೋಶಗಳಿಗೆ ಪೊಟ್ಯಾಸಿಯಂ ಅಯಾನುಗಳು ಬಂದು, ಅವುಗಳ ಹಿಂದೆ ನೀರು ಬಂದು, ಅವು ಉಬ್ಬಿ ಬಾಗಿದಾಗ ರಂಧ್ರ ತೆರೆಯುತ್ತದೆ. ನೀರು ಹೋದರೆ ಸೊರಗಿ ಮುಚ್ಚುತ್ತದೆ. ತೆರೆದದ್ದು, ಮುಚ್ಚಿದ್ದು ಎರಡೂ ಚಿತ್ರ ಬರೆಸಿದೆ. ಒಳಬದಿಯ ಗೋಡೆ ದಪ್ಪ, ಹೊರಬದಿಯದು ತೆಳು. ಅದನ್ನು ಚಿತ್ರದಲ್ಲಿ ತೋರಿಸದಿದ್ದರೆ ಬಾಗುವುದು ಯಾಕೆ ಎಂದು ಅರ್ಥವಾಗುವುದಿಲ್ಲ.

ಮೂತ್ರಪಿಂಡಕ್ಕೆ ಇಷ್ಟು ಹೊತ್ತು ಬೇಕಾಗಲಿಲ್ಲ. ಒಂದೊಂದು ಮೂತ್ರಪಿಂಡದಲ್ಲಿ ರಕ್ತ ಸೋಸುವ ಸುಮಾರು 10 ಲಕ್ಷ ನೆಫ್ರಾನ್‌ಗಳು. ದಿನಕ್ಕೆ ಸುಮಾರು 180 ಲೀಟರ್ ಸೋಸಿ ಇಳಿಯುತ್ತದೆ, ಹೊರಹೋಗುವುದು ಒಂದೆರಡು ಲೀಟರ್. ಈ ಎರಡು ಸಂಖ್ಯೆ ಪಕ್ಕಪಕ್ಕ ಬರೆದ ಕೂಡಲೇ ಮರುಹೀರಿಕೆ ಎಷ್ಟು ದೊಡ್ಡ ಕೆಲಸ ಎಂದು ಅವನಿಗೆ ಹೊಳೆಯಿತು. ಗ್ಲೂಕೋಸ್, ಅಮೈನೋ ಆಮ್ಲ, ಲವಣ, ನೀರು ಎಲ್ಲ ವಾಪಸ್ಸು, ಯೂರಿಯಾ ಹೊರಗೆ. ಗಿಡಗಳ ವಿಸರ್ಜನೆ ಒಂದು ಸಾಲಿನಲ್ಲಿ ಮುಗಿಯಿತು: ಉದುರುವ ಎಲೆ, ರಸದಾನಿ, ಅಂಟು, ರಾಳ.

ನಿಯಂತ್ರಣದ ಪಾಠದಲ್ಲಿ ಪರಾವರ್ತಿತ ಚಾಪವನ್ನು, ಅಂದರೆ ಯೋಚಿಸುವ ಮೊದಲೇ ಆಗುವ ಪ್ರತಿಕ್ರಿಯೆಯ ದಾರಿಯನ್ನು, ಬಾಣಗಳಲ್ಲೇ ಬರೆಸಿದೆ. ಬಿಸಿ ತಾಗಿದ ಚರ್ಮ, ಜ್ಞಾನವಾಹಿ ನರಕೋಶ, ಮಿದುಳುಬಳ್ಳಿ, ಕ್ರಿಯಾವಾಹಿ ನರಕೋಶ, ಸ್ನಾಯು. ಕೈ ಹಿಂದಕ್ಕೆ ಬಂದ ಮೇಲೆ ಮಿದುಳಿಗೆ ನೋವು ತಿಳಿಯುತ್ತದೆ. ಎಲ್ಲವೂ ಮಿದುಳಿನವರೆಗೆ ಹೋಗಿ ಬರಬೇಕಿದ್ದರೆ ಅಷ್ಟರಲ್ಲಿ ಕೈ ಸುಟ್ಟಿರುತ್ತಿತ್ತು.

"ಮುಟ್ಟಿದರೆ ಮುನಿಗೆ ನರ ಇದೆಯಾ?" ಎಂದು ಕೇಳಿದ. ಇಲ್ಲ. ಎಲೆಯ ಬುಡದ ಜೀವಕೋಶಗಳು ತಟ್ಟನೆ ನೀರು ಕಳೆದುಕೊಂಡು ಸೊರಗುತ್ತವೆ, ಎಲೆ ಮಡಚುತ್ತದೆ. ಅದು ಬೆಳವಣಿಗೆಯಿಂದ ಆದ ಚಲನೆ ಅಲ್ಲ. ಬೆಳಕಿನ ಕಡೆ ಬಾಗುವ ಕಾಂಡದ್ದು ಬೆಳವಣಿಗೆಯ ಚಲನೆ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿ ಮುಚ್ಚಿದರೆ ಅದು ಬಾಗುವುದಿಲ್ಲ ಎಂದು ಬರೆದರು. ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಅದರ ಕೆಳಗೆ. ನಡುವೆ ಏನೋ ಒಂದು ಸಾಗಬೇಕಲ್ಲ? ಅದೇ ಆಕ್ಸಿನ್ ಎಂಬ ಹಾರ್ಮೋನು ಎಂದು ಮುಂದೆ ಗೊತ್ತಾಯಿತು. ನೆರಳಿನ ಬದಿಗೆ ಆಕ್ಸಿನ್ ಜಾಸ್ತಿ ಸೇರಿ, ಆ ಬದಿಯ ಜೀವಕೋಶಗಳು ಉದ್ದವಾಗಿ, ಕಾಂಡ ಬೆಳಕಿನ ಕಡೆ ಬಾಗುತ್ತದೆ. ಜಿಬ್ಬರೆಲಿನ್, ಸೈಟೋಕೈನಿನ್, ಅಬ್ಸಿಸಿಕ್ ಆಮ್ಲ ಮೊದಲಾದ ಗಿಡದ ಬೇರೆ ಹಾರ್ಮೋನುಗಳಿಗೆ ಒಂದೊಂದು ಕೆಲಸ ಬರೆದುಕೊಂಡು ಮುಂದೆ ಹೋದೆವು. ಇನ್ಸುಲಿನ್ ಬಂದಾಗ ಮೊದಲು ಬರೆದಿದ್ದ ಪಿಷ್ಟದ ದಾರಿಗೆ ಹೋಗಿ, ಗ್ಲೂಕೋಸ್ ರಕ್ತದಲ್ಲಿರುವ ಜಾಗದಲ್ಲಿ ಅದನ್ನು ಸೇರಿಸಿದೆವು.

ಸಂತಾನೋತ್ಪತ್ತಿಯ ಪಾಠ ಬಂದಾಗ ಅವನು, "ಇದನ್ನು ನಾನೇ ಓದ್ಕೋತೀನಿ" ಅಂದ. ಮುಜುಗರ. ನಾನು ಬಿಡಲಿಲ್ಲ. ಮುಜುಗರದಿಂದ ಬೇಗ ಬೇಗ ಪುಟ ತಿರುಗಿಸುವ ಪಾಠದಲ್ಲೇ ಅರ್ಥವಾಗದ ವಿಷಯ ಉಳಿಯುವುದು ಜಾಸ್ತಿ. ತನ್ನ ದೇಹದ ಬಗ್ಗೆ ಒಬ್ಬ ಹುಡುಗನಾಗಲಿ ಹುಡುಗಿಯಾಗಲಿ ಸರಿಯಾಗಿ ತಿಳಿದುಕೊಳ್ಳುವ ಅವಕಾಶ ಅದು. ಹೂವಿನಿಂದ ಶುರು ಮಾಡಿದೆವು. ಒಂದು ಹೂವನ್ನು ಬಿಡಿಸಿ ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಂದು ಹಾಳೆಯ ಮೇಲೆ ಜೋಡಿಸಿದೆವು. ಪರಾಗರೇಣು ಶಲಾಕೆಯ ತುದಿಯಾದ ಶಲಾಕಾಗ್ರ ತಲುಪಿದರೆ ಅದು ಪರಾಗಸ್ಪರ್ಶ ಮಾತ್ರ. ಅಲ್ಲಿಂದ ಪರಾಗನಾಳ ಕೆಳಗೆ ಬೆಳೆದು, ಅಂಡಕದೊಳಗಿನ ಅಂಡಾಣುವಿನ ಜೊತೆ ಗಂಡು ಲಿಂಗಾಣು ಸೇರಿದಾಗ ನಿಷೇಚನ. ಆಮೇಲೆ ಅಂಡಕ ಬೀಜವಾಗುತ್ತದೆ, ಅಂಡಾಶಯ ಹಣ್ಣಾಗುತ್ತದೆ, ದಳಗಳು ಸಾಮಾನ್ಯವಾಗಿ ಉದುರುತ್ತವೆ.

ಅದೇ ಉಸಿರಿನಲ್ಲಿ ಮನುಷ್ಯನ ಪಾಠಕ್ಕೆ ಬಂದೆವು. ಅಂಡಾಣು, ವೀರ್ಯಾಣು, ಯುಗ್ಮಜ. ಪದಗಳು ಆಗಲೇ ಪರಿಚಿತವಾಗಿದ್ದವು, ಮುಜುಗರ ಅರ್ಧ ಇಳಿದಿತ್ತು. ನಿಷೇಚನ ನಡೆಯುವುದು ಅಂಡನಾಳದಲ್ಲಿ, ಮಗು ಬೆಳೆಯುವುದು ಗರ್ಭಕೋಶದಲ್ಲಿ. ಜರಾಯುವಿನ ಮೂಲಕ ಆಹಾರ, ಆಕ್ಸಿಜನ್ ಸಿಗುತ್ತದೆ. ಅಲ್ಲೂ ವಿಲ್ಲೈಗಳಿವೆ. ಅವನು ಎದ್ದುಹೋಗಿ ಗೋಡೆಯ ಹಾಳೆಯಲ್ಲಿ ಅದನ್ನೂ ಸೇರಿಸಿದ.

ಲಿಂಗ ನಿರ್ಧಾರವನ್ನು ನಿಧಾನವಾಗಿ ಓದಿದೆವು. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ವರ್ಣತಂತು. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇರಬಹುದು, ವೈ ಇರಬಹುದು. ಮಗು ಹೆಣ್ಣಾಗುವುದೋ ಗಂಡಾಗುವುದೋ ತಾಯಿಯಿಂದ ನಿರ್ಧಾರವಾಗುವುದಿಲ್ಲ. ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವವರು ಈ ಒಂದು ಪುಟ ಓದಿದ್ದರೆ ಎಷ್ಟು ಕಣ್ಣೀರು ತಪ್ಪುತ್ತಿತ್ತು! ಇದನ್ನು ತಮ್ಮನಿಗೆ ಅಂಕಕ್ಕಾಗಿ ಮಾತ್ರ ಹೇಳಿಕೊಡಲಿಲ್ಲ.

ಉತ್ತರ ಬರೆಯುವ ಅಭ್ಯಾಸವನ್ನು ಬೇರೆಯಾಗಿ ಮಾಡಿದೆವು. ಗೊತ್ತಿರುವುದು ಬೇರೆ, ಅಂಕ ಸಿಗುವ ಹಾಗೆ ಬರೆಯುವುದು ಬೇರೆ. ವ್ಯತ್ಯಾಸ ಬರೆಯುವಾಗ ಎರಡೂ ಕಡೆ ಒಂದೇ ಗುಣ ಎದುರುಬದುರು ಬರಬೇಕು. 'ಕ್ಸೈಲಂ ನೀರು ಸಾಗಿಸುತ್ತದೆ, ಫ್ಲೋಯಂ ಜೀವಂತ' ಎಂದರೆ ವ್ಯತ್ಯಾಸ ಹೇಳಿದ ಹಾಗಾಗುವುದಿಲ್ಲ. ಕಾರಣ ಕೊಡಿ ಎಂದರೆ ರಚನೆ, ಅದರಿಂದ ಆಗುವ ಕೆಲಸ, ಎರಡನ್ನೂ ಜೋಡಿಸಿ ಬರೆಯಬೇಕು. ಚಿತ್ರ ಪೆನ್ಸಿಲಿನಲ್ಲಿ, ದೊಡ್ಡದಾಗಿ. ಹೆಸರಿನ ಗೆರೆಗಳು ಒಂದನ್ನೊಂದು ದಾಟಬಾರದು, ಸರಿಯಾದ ಭಾಗಕ್ಕೇ ಮುಟ್ಟಬೇಕು. ಬಣ್ಣ ಹಚ್ಚುತ್ತ ಸಮಯ ಕಳೆಯುವುದು ಬೇಡ.

ಒಮ್ಮೆ ಬರೆದ ಹಾಳೆಯನ್ನು ಕೆಲವು ದಿನ ಬಿಟ್ಟು ಮತ್ತೆ ಖಾಲಿ ಹಾಳೆಯಿಂದ ಬರೆಸಿದೆ. ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಮೊದಲು ಬೇಗ ಮರೆತುಹೋಗುತ್ತದೆ ಎಂದು 1885ರಲ್ಲೇ ಬರೆದಿದ್ದಾರೆ. ನಡುವೆ ಬಿಡುವು ಕೊಟ್ಟು ಮತ್ತೆ ನೆನಪಿಸಿಕೊಂಡರೆ ಹೆಚ್ಚು ಕಾಲ ಉಳಿಯುತ್ತದೆ. ನಮ್ಮ ಹಾಳೆಗಳಲ್ಲಿ ಕೆಂಪು ಸುತ್ತುಗಳು ಕಡಿಮೆಯಾಗುತ್ತ ಬಂದವು. ಹೂವು ಒಂದೇ ಹಟ ಹಿಡಿಯಿತು. ಪರಾಗಕೋಶ, ಅಂಡಾಶಯ, ಅಂಡಕ ಎಂದು ಹೆಸರುಗಳು ಅದಲು ಬದಲಾಗುತ್ತಿದ್ದವು. ಅದಕ್ಕೆ ದಿನಾ ಒಂದು ಸಲ ಹೂವಿನ ಚಿತ್ರ ಬರೆಯುವುದೇ ದಾರಿಯಾಯಿತು. ಪರೀಕ್ಷೆಯ ಹಿಂದಿನ ಸಂಜೆ ಹೊಸದೇನೂ ಓದಲಿಲ್ಲ. ಉಳಿದ ಸುತ್ತುಗಳನ್ನು ನೋಡಿ, ರಕ್ತಕಣವಾಗಿ ಒಂದು ಸುತ್ತು ಹೋಗಿಬಂದು, ಬೇಗ ಮಲಗಿದ.

ಪರೀಕ್ಷೆ ಮುಗಿಸಿ ಬಂದವನು ಚೀಲ ಇಳಿಸುವ ಮೊದಲೇ ಹೇಳಲು ಶುರು ಮಾಡಿದ. ನೆಫ್ರಾನ್ ಚಿತ್ರ ಕೇಳಿದ್ದರು. ಎಡ ಹೃತ್ಕುಕ್ಷಿಯ ಗೋಡೆ ದಪ್ಪ ಯಾಕೆ ಎಂದು ಕೇಳಿದ್ದರು. ಹೂವಿನ ಭಾಗಗಳೂ ಬಂದಿದ್ದವು, ಬರೆದಿದ್ದ. ಪಾಠದಲ್ಲಿ ನೇರವಾಗಿ ಇಲ್ಲದ ಪ್ರಶ್ನೆ ಒಂದೇ. ಮರದ ಕಾಂಡದ ಸುತ್ತಲೂ ಬಳೆಯಷ್ಟು ಅಗಲ ತೊಗಟೆ ತೆಗೆದರೆ ಏನಾಗುತ್ತದೆ?

"ಏನು ಬರೆದೆ?" ಅಂದೆ.

"ಫ್ಲೋಯಂ ಎಲ್ಲಿದೆ, ಕ್ಸೈಲಂ ಎಲ್ಲಿದೆ ಅಂತ ಮೊದಲು ಚಿತ್ರ ಹಾಕಿಕೊಂಡೆ ಅಕ್ಕಾ. ತೊಗಟೆ ಜೊತೆ ಫ್ಲೋಯಂ ಹೋಗುತ್ತೆ. ಕ್ಸೈಲಂ ಒಳಗೆ ಉಳಿಯುತ್ತೆ. ಹಾಗಾಗಿ ಎಲೆಗೆ ನೀರು ಸಿಗ್ತಾ ಇರುತ್ತೆ, ಕೂಡಲೇ ಬಾಡಲ್ಲ. ಆದ್ರೆ ಎಲೆ ಮಾಡಿದ ಆಹಾರ ಕೆಳಗೆ ಇಳಿಯಲ್ಲ. ಗಾಯದ ಮೇಲ್ಭಾಗದಲ್ಲಿ ಸೇರಿಕೊಂಡು ಅಲ್ಲಿ ಊದಿಕೊಳ್ಳುತ್ತೆ. ಬೇರಿಗೆ ಆಹಾರ ಇಲ್ಲ. ಕೂಡಿಟ್ಟ ಪಿಷ್ಟ ಇರೋ ತನಕ ನಡೆಯುತ್ತೆ. ಆಮೇಲೆ ಬೇರು ಸಾಯುತ್ತೆ, ನೀರು ಮೇಲೆ ಬರೋದು ನಿಲ್ಲುತ್ತೆ, ಆಗ ಮರ ಸಾಯುತ್ತೆ."